ಕೂಡಿಸಿ ಅರ್ಧ ಮಾಡಿದ ಲೆಕ್ಕ

ಕಳೆದ ದೀಪಾವಳಿ ರಜೆಯಲ್ಲಿ ನಾವು ಸಪರಿವಾರರಾಗಿ ವೇರೂಳಿಗೆ ಹೋಗಿದ್ದೆವು. ರಾಷ್ಟ್ರಕೂಟ ಕೃಷ್ಣರಾಜನ ಕಾಲದ ಕೈಲಾಸ ದೇವಾಲಯವನ್ನು ಕಂಡು ಮೈಮರೆತದ್ದೇನೋ ನಿಜ. ಆದರೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೊಡನೆ ಮಾತು ಕ್ರಿಕೆಟ್ಟಿಗೆ ತಿರುಗಿತು. ನಮ್ಮ ತಂದೆಯವರಿಗೆ ಮೈಸೂರಿನ ಚಂದ್ರಶೇಖರರೇ ದೇವರು; ನಮಗೆ ಬೆಂಗಳೂರಿನ ಅನಿಲ್ ಕುಂಬ್ಳೆ. ಇದು ನಮ್ಮ ಮನೆಯ ಹಳೆಯ ಜಗಳ.

ಈ ಸಲ ತಂದೆಯವರು ಲೆಕ್ಕ ಬರೆದುಕೊಂಡೇ ಬಂದಿದ್ದರು. ಟೆಸ್ಟ್ ಪಂದ್ಯಗಳಲ್ಲಿ ವಿಕೆಟ್ ಒಂದಕ್ಕೆ ಚಂದ್ರ ತೆತ್ತದ್ದು ಭಾರತದಲ್ಲಿ 27.69 ರನ್, ಹೊರದೇಶಗಳಲ್ಲಿ 32.66. ಕುಂಬ್ಳೆ ತೆತ್ತದ್ದು 24.88 ಮತ್ತು 35.85. "ಎರಡೆರಡನ್ನೂ ಕೂಡಿಸಿ ಅರ್ಧ ಮಾಡು. ಚಂದ್ರನದು ಸುಮಾರು 30.18, ನಿನ್ನವನದು 30.37. ಕಡಿಮೆ ಯಾರದಪ್ಪಾ?" ಎಂದರು. ಬಿ.ಎಸ್‌ಸಿ. ಓದಿದ ನಾವು ತಲೆ ತಗ್ಗಿಸಿ ಮೊಸರನ್ನ ತಿಂದೆವು.

"ವಿಕೆಟ್ ಎಷ್ಟೆಷ್ಟು, ತಾತ?" ಎಂದಳು ಮಗಳು. ಕುಂಬ್ಳೆಗೆ ಭಾರತದಲ್ಲಿ 350, ಹೊರಗೆ 269. ಚಂದ್ರನಿಗೆ 142 ಮತ್ತು 100. ಅವಳು ಸರಾಸರಿಗಳನ್ನು ವಿಕೆಟ್ಟುಗಳಿಂದ ಗುಣಿಸಿ ರನ್ನು ತೆಗೆದಳು. ರನ್ನುಗಳನ್ನು ಕೂಡಿಸಿ ಒಟ್ಟು ವಿಕೆಟ್ಟುಗಳಿಂದ ಭಾಗಿಸಿದಳು. ಕುಂಬ್ಳೆ 29.65, ಚಂದ್ರ 29.74! ಮೇಲಿದ್ದದ್ದು ಕೆಳಗಾಯಿತು. ಇಬ್ಬರಿಗೂ ತವರಿನಲ್ಲೇ ವಿಕೆಟ್ ಹೆಚ್ಚು. ಆದರೆ ತವರಿಗೂ ಹೊರಗಿಗೂ ಇರುವ ಅಂತರ ಚಂದ್ರನಿಗೆ ಐದು ರನ್ನಾದರೆ ಕುಂಬ್ಳೆಗೆ ಹನ್ನೊಂದು. ಹಾಗಾಗಿ ಸರಿಯಾಗಿ ತೂಗಿದಾಗ ಕುಂಬ್ಳೆಯ ಲೆಕ್ಕವೇ ಹೆಚ್ಚು ಇಳಿಯಿತು.

"ಇಲ್ಲಿ 34 ಗುಹೆ. ಕೈಲಾಸವೂ ಒಂದು, ಪಕ್ಕದ ಸಣ್ಣದೂ ಒಂದು. ಎರಡೂ ಸಮ ಅಂದರೆ ಒಪ್ಪುತ್ತೀರಾ ತಾತ?" ಎಂದು ಕೇಳಿದಳು.

ಗೆದ್ದೆವೆಂದು ನಗಲು ಹೊರಟ ನಮ್ಮ ಬಾಯಿ ಅಲ್ಲಿಯೇ ಕಟ್ಟಿತು. ಕಚೇರಿಯ ಮಾಸಿಕ ತಖ್ತೆಯಲ್ಲಿ ಎರಡು ವಿಭಾಗಗಳ ಸರಾಸರಿ ದಿನಗಳನ್ನು ಕೂಡಿಸಿ ಅರ್ಧ ಮಾಡುತ್ತಿದ್ದವರು ನಾವೇ. ಒಂದು ವಿಭಾಗದಲ್ಲಿ ನೂರಾರು ಕಡತ, ಬೇಗ ಮುಗಿಯುವಂಥವು. ಇನ್ನೊಂದರಲ್ಲಿ ಹತ್ತೇ, ಎಲ್ಲವೂ ವರ್ಷಗಟ್ಟಲೆ ಎಳೆದಂಥವು. ಆ ಹತ್ತು ಕಡತಗಳಿಂದ ಕಚೇರಿಯೇ ಸೋಮಾರಿಯೆಂದು ಕಂಡು, ಎಲ್ಲರಿಗೂ ಮೆಮೋ ಬಂದಿತ್ತು. ಎಲ್ಲರೊಡನೆ ನಾವೂ ಮೇಲಿನವರನ್ನು ಬೈದಿದ್ದೆವು! ಊರಿಗೆ ಮರಳಿದ ಮೊದಲ ಸೋಮವಾರವೇ ತಪ್ಪೊಪ್ಪಿಕೊಂಡು ತಖ್ತೆ ತಿದ್ದಿಕೊಟ್ಟೆವು.

ತಂದೆಯವರು ಮಾತ್ರ ಅಂದು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "0.09 ರನ್ನಿನ ಗೆಲುವು ನಿನಗೇ ಇರಲಿ. ಪೋಲಿಯೋ ಬಡಿದ ಕೈಯಿಂದ 1971ರಲ್ಲಿ ಓವಲ್ಲಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತನಲ್ಲ, ಅದನ್ನು ಯಾವುದರಿಂದ ಗುಣಿಸುತ್ತೀ?"

ಅದಕ್ಕೆ ನಮ್ಮ ಮಗಳಲ್ಲಿಯೂ ಉತ್ತರವಿರಲಿಲ್ಲ.