ಗುಳಿಗೆಗೊಂದು ಅರ್ಜಿ

ನಮ್ಮೂರಿನಲ್ಲಾದರೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರಾಯಿತು. ದುಡ್ಡು ಕೊಟ್ಟರೆ ಮಾತ್ರೆ ಬಂತು. ಅಮೆರಿಕದಲ್ಲಿ ಹಾಗಲ್ಲ. ಡಾಕ್ಟರು ಬರೆಯುತ್ತಾರೆ, ಅದಕ್ಕೆ ದುಡ್ಡು ಕೊಡಬೇಕೋ ಬೇಡವೋ ಎಂದು ವಿಮಾ ಕಂಪನಿ ತೀರ್ಮಾನಿಸುತ್ತದೆ. ನುಂಗುವವಳು ಮಾತ್ರ ನಾನು.

ನನ್ನ ಥೈರಾಯ್ಡ್ ಗ್ರಂಥಿ ಸೋಮಾರಿ. ಅದರ ಕೆಲಸವನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಲೆವೊಥೈರಾಕ್ಸಿನ್ ಮಾಡಬೇಕು. (ಆಮೇಲೆ ಕಾಫಿಗೆ ಒಂದು ಗಂಟೆ ಕಾಯುವ ಶಿಕ್ಷೆ ಬೇರೆ!) ಅಳತೆಯೆಲ್ಲ ಮೈಕ್ರೋಗ್ರಾಮಿನಲ್ಲಿ. 88 ಸಾಲದಿದ್ದರೆ 100, ಅದು ಹೆಚ್ಚಾದರೆ ಮತ್ತೆ 88. ಸಾರಿಗೆ ಉಪ್ಪು ಹಾಕಿದಂತೆ ಕೈಯಂದಾಜಿನ ವ್ಯವಹಾರವಲ್ಲ.

ನಾನು ತೆಗೆದುಕೊಳ್ಳುತ್ತಿದ್ದುದು ಸಿಂಥ್ರಾಯ್ಡ್. ಗಂಡನ ಆಫೀಸು ಬದಲಾಗಿ ಹೊಸ ವಿಮೆ ಬಂದಾಗ 'ಜನರಿಕ್ ಮಾತ್ರ' ಎಂದರು. ಅದೇ ಔಷಧ, ಬೇರೆ ಕಂಪನಿ, ಅಗ್ಗದ ಬೆಲೆ. ನನಗೇನೂ ದ್ವೇಷವಿಲ್ಲ, ಜ್ವರದ ಮಾತ್ರೆ ನಾನು ಅಗ್ಗದ್ದನ್ನೇ ತರುವವಳು. ಆದರೆ ವರ್ಷದೊಳಗೆ ಮೂರು ಬೇರೆ ಕಂಪನಿಗಳ ಬಾಟಲಿ ಕೈಸೇರಿತು. ಈ ಮಾತ್ರೆಯ ಸತ್ವ ಏರುಪೇರಾಗುತ್ತದೆಂದು 1997ರಲ್ಲಿ ಅಲ್ಲಿನ ಎಫ್‌ಡಿಎ ಇಲಾಖೆಯೇ ದೊಡ್ಡ ಹೆಸರಿನವರನ್ನೂ ಸೇರಿಸಿ ಎಲ್ಲ ತಯಾರಕರೂ ಹೊಸದಾಗಿ ಅನುಮತಿ ಪಡೆಯಬೇಕೆಂದಿತ್ತು. 2007ರಲ್ಲಿ ಸತ್ವ ಶೇಕಡಾ 95ರಿಂದ 105ರೊಳಗೇ ಇರಬೇಕೆಂದು ಬಿಗಿಮಾಡಿತು. ಆದರೂ ನನ್ನ ಟಿಎಸ್‌ಎಚ್ 2ರಿಂದ 7ಕ್ಕೆ ಹಾರಿತು. ಈ ಅಂಕಿ ಏರಿದರೆ ಮೈಯಲ್ಲಿ ಹಾರ್ಮೋನು ಇಳಿದಿದೆಯೆಂದು ಅರ್ಥ.

ಬರಿಯ ಸುಸ್ತಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ, ನಾವು ಹೆಂಗಸರು ಅದರಲ್ಲಿ ಪಳಗಿದವರು. ಆದರೆ ನಾನು ಎರಡನೆಯ ಮಗುವಿಗಾಗಿ ಕಾಯುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನ ಬಲದಿಂದ. "2.5ಕ್ಕಿಂತ ಕೆಳಗಿಳಿಯಲಿ, ಆಮೇಲೆ ನೋಡೋಣ" ಎಂದರು ಡಾಕ್ಟರು. ವಯಸ್ಸು ಕಾಯುತ್ತದೆಯೇ?

ವಿಮೆಯವರಿಗೆ ಫೋನು ಮಾಡಿದೆ.

"ಜನರಿಕ್ ಅಲರ್ಜಿಯೇ?"

"ಅಲ್ಲ. ತುಂಬಾ ಸುಸ್ತು, ಕೂದಲು ಉದುರುತ್ತೆ..."

"ಅದಕ್ಕೆ ಫಾರಂನಲ್ಲಿ ಜಾಗವಿಲ್ಲ ಮೇಡಂ."

ನಿರಾಕರಣೆಯ ಪತ್ರ ಬಂತು. ಅದರ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದಿತ್ತು. ಅಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಂತೆ ನಾನು ಯಾವ ತಿಂಗಳು ಯಾವ ಕಂಪನಿಯ ಬಾಟಲಿ ಎಂದು ಬರೆದಿಟ್ಟಿದ್ದೆ. ಅದರ ಪಕ್ಕದಲ್ಲಿ ರಕ್ತಪರೀಕ್ಷೆಯ ಅಂಕಿಗಳನ್ನು ಜೋಡಿಸಿದೆ. ಡಾಕ್ಟರು 'ಬದಲಿ ಕೊಡಕೂಡದು' ಎಂದು ಬರೆದು ಸಹಿ ಹಾಕಿದರು. ಸುಸ್ತೆಂದರೆ ಕೇಳದವರು ಅಂಕಿಗೆ ಬಗ್ಗಿದರು. ಒಪ್ಪಿಗೆ ಬಂತು, ನಮ್ಮ ಪಾಲಿನ ಹಣ ಮಾತ್ರ ಹೆಚ್ಚು.

ಔಷಧದಂಗಡಿಯಾತ ಬಾಟಲಿ ಕೊಡುತ್ತಾ, "ಇದು ಸಿಗದಿದ್ದರೂ ಪ್ರತಿ ತಿಂಗಳೂ ಒಂದೇ ಕಂಪನಿಯ ಜನರಿಕ್ ಕೇಳಿ ಪಡೆಯಬಹುದಿತ್ತು" ಎಂದ. ಮೊದಲೇ ಹೇಳಬಾರದಿತ್ತೇ ಮಹಾರಾಯ! ನನಗೆ ಬೇಕಾಗಿದ್ದುದು ದೊಡ್ಡ ಹೆಸರಲ್ಲ, ತಿಂಗಳು ತಿಂಗಳೂ ಬದಲಾಗದ ಮಾತ್ರೆ.

ಫೋನಿನಲ್ಲಿ ಅಮ್ಮನಿಗೆ ಇದೆಲ್ಲ ಹೇಳಿದರೆ, "ಇನ್ಶೂರೆನ್ಸ್ ಅಂದ್ರೆ ಸತ್ತ ಮೇಲೆ ಬರೋದಲ್ವೇನೇ?" ಎಂದಳು.

ಈಗ ಟಿಎಸ್‌ಎಚ್ 1.9. ಒಪ್ಪಿಗೆ ಹನ್ನೆರಡು ತಿಂಗಳಿಗೆ ಮಾತ್ರ. ಮಗು ಹುಟ್ಟುವುದರೊಳಗೇ ಅದು ಮುಗಿಯಬಹುದೆಂದು ಎರಡನೆಯ ಅರ್ಜಿಯ ಫೈಲನ್ನು ಈಗಲೇ ತೆರೆದಿಟ್ಟಿದ್ದೇನೆ.