ಬದುವಿನ ಬನ್ನಿ
ಆಷಾಢದ ಗಾಳಿ ಎದ್ದಿತೆಂದರೆ ವೇದಾವತಿಯ ಮರಳು ನಮ್ಮ ಹೊಲಕ್ಕೆ ನುಗ್ಗುತ್ತಿತ್ತು. ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳು ಕಡೆಯವರಿಗೆ ಇದು ಹೊಸ ಸಂಗತಿಯಲ್ಲ. ಬಿತ್ತಿದ ಸಾಲು ಮುಚ್ಚಿಹೋದಾಗ ತಂದೆಯವರು ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯ ಕುರಿತು ಓದಿದಾಗ ಆ ನಂಬಿಕೆ ಅಲುಗಿತು. 1952ರಲ್ಲಿ ಮರುಭೂಮಿ ಅರಣ್ಯೀಕರಣ ಕೇಂದ್ರವಾಗಿ ಆರಂಭಗೊಂಡು 1959ರಲ್ಲಿ ಈಗಿನ ರೂಪ ತಳೆದ ಆ ಸಂಸ್ಥೆಯು ಥಾರ್ ಮರುಭೂಮಿಯ ಮರಳುದಿಬ್ಬಗಳನ್ನು ನಿಲ್ಲಿಸುವ ಕ್ರಮವನ್ನು ರೂಪಿಸಿತು. ಮೊದಲು ದನಕುರಿಗಳು ಬಾರದಂತೆ ದಿಬ್ಬಕ್ಕೆ ಬೇಲಿ. ಬಳಿಕ ಗಾಳಿಗೆ ಅಡ್ಡಲಾಗಿ ಒಣಪೊದೆಗಳ ಸಾಲು. ಅದರ ಮರೆಯಲ್ಲಿ ಹುಲ್ಲು, ಸಸಿ. ನೆಲಮಟ್ಟದಲ್ಲಿ ಗಾಳಿಯ ವೇಗ ತಗ್ಗಿದರೆ ಮರಳು ಏಳದು. ಬೇರು ಇಳಿದ ಮೇಲೆ ಸರಿಯದು.

ಅಲ್ಲಿನ ರೈತರು ಹೊಲದ ನಡುವೆಯೇ ಉಳಿಸಿಕೊಳ್ಳುವ ಖೇಜಡಿಯೆಂದರೆ ನಮ್ಮ ಬನ್ನಿಯೇ. ಅದನ್ನು ತಿಳಿದ ದಿನ ನಾಚಿಕೆಯಾಯಿತು. ವಿಜಯದಶಮಿಯಂದು ಅದರ ಎಲೆಯನ್ನು ಬಂಗಾರವೆಂದು ಹಂಚುವ ನಾವೇ ಬದುವಿನಲ್ಲಿದ್ದ ಮರವನ್ನು ಸೌದೆಗೆಂದು ಕಡಿದಿದ್ದೆವು.

ಈ ಮಳೆಗಾಲದಲ್ಲಿ ಮಗಳೊಡನೆ ಅದೇ ಬದುವಿನಲ್ಲಿ ಐದು ಬನ್ನಿ ಸಸಿಗಳನ್ನು ನೆಟ್ಟಿದ್ದೇನೆ. ಶಾಲೆ ಬಿಟ್ಟ ಮೇಲೆ ಮೇಕೆಗಳಿಂದ ಅವನ್ನು ಕಾಯುವ ಹೊಣೆ ಅವಳದು. ಮರಳು ನಿಂತೀತೋ ಇಲ್ಲವೋ, ಹಣೆಬರಹವೆಂಬ ಮಾತನ್ನು ಮಾತ್ರ ಅವಳಿಗೆ ಕಲಿಸಲಾರೆ.