ಹಿಂದಿನ ಸೀಟಿಲ್ಲದ ಸವಾರಿ

ನಮ್ಮಲ್ಲಿ ಹೆಚ್ಚಿನ ಹೆಣ್ಣುಮಕ್ಕಳಿಗೆ ಸವಾರಿಯೆಂದರೆ ಹಿಂದಿನ ಸೀಟು. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರು, ಆಮೇಲೆ ಅಣ್ಣನ ಬೈಕು, ಮದುವೆಯಾದ ಮೇಲೆ ಗಂಡನ ಬೈಕು ಅಥವಾ ಕಾರು. ಮಡಿಲಲ್ಲೊಂದು ಮಗು, ಭುಜಕ್ಕೊಂದು ಚೀಲ, ಕೈಯಲ್ಲಿ ಗಾಳಿಗೆ ಹಾರುವ ದುಪಟ್ಟಾದ ತುದಿ. ಹೀಗೆ ಎಷ್ಟು ಸಾವಿರ ಮೈಲಿ ಸಾಗಿದ್ದೇವೋ ಲೆಕ್ಕವಿಟ್ಟವರಿಲ್ಲ. ರಸ್ತೆಯ ಹೊಂಡ ನಮಗೆ ಗೊತ್ತಾಗುವುದು ಗಾಡಿ ಅದರೊಳಗೆ ಇಳಿದ ಮೇಲೆಯೇ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನಮ್ಮನ್ನು ಜೋಪಾನವಾಗಿ ಕರೆದೊಯ್ದವರ ಋಣ ನಮ್ಮ ಮೇಲಿದೆ. ಆದರೆ ಹಿಂದಿನ ಸೀಟೇ ಇಲ್ಲದ ಒಂದು ಗಾಡಿಯಲ್ಲಿ ನಾವು ಆರು ಮಂದಿ ಗೆಳತಿಯರು ಬೆಟ್ಟದ ನಡುವೆ ಕಳೆದ ಒಂದು ದಿನದ ಬಗ್ಗೆ ನಿಮಗೆ ಹೇಳಲೇಬೇಕೆನಿಸಿದೆ.

ನಾವೆಲ್ಲರೂ ಅರಬ್ ಎಮಿರೇಟ್ಸ್‌ನಲ್ಲಿ ನೆಲೆಸಿರುವವರು. ಒಬ್ಬಳು ಭಟ್ಕಳದವಳು, ಒಬ್ಬಳು ಉಳ್ಳಾಲದವಳು, ಒಬ್ಬಳು ಪುತ್ತೂರಿನವಳು, ಇನ್ನಿಬ್ಬರು ಕುಂದಾಪುರ ಮತ್ತು ಶಿವಮೊಗ್ಗದವರು. ಮನೆಯಲ್ಲಿ ಒಬ್ಬಳದು ನವಾಯತಿ, ಕೆಲವರದು ಬ್ಯಾರಿ, ಕೆಲವರದು ಉರ್ದು. ಆರು ಮಂದಿ ಸೇರಿದಾಗ ಎಲ್ಲರಿಗೂ ಬರುವ ಭಾಷೆ ಕನ್ನಡ. ಮಕ್ಕಳ ಶಾಲೆಯ ಗೇಟಿನ ಬಳಿ ಶುರುವಾದ ಪರಿಚಯ ಗೆಳೆತನವಾಗಿ ವರ್ಷಗಳಾಗಿವೆ. ಭಟ್ಕಳದ ಗೆಳತಿ ಮೊದಲು ಸೌದಿಯ ಜುಬೈಲ್‌ನಲ್ಲಿದ್ದವಳು. ಅಲ್ಲಿ 2018ರ ಜೂನ್ 24ರಂದು ಮಹಿಳೆಯರಿಗೆ ವಾಹನ ಚಲಾಯಿಸುವ ಅವಕಾಶ ಬಂದಾಗ ಅವಳು ಕಾರು ಕಲಿಯಲು ಹೆಸರು ನೋಂದಾಯಿಸಿದ್ದಳು. ನಮ್ಮ ಗುಂಪಿನ ಸಾರಥಿ ಅವಳೇ.

ಜನವರಿಯ ಒಂದು ಶನಿವಾರ ಹೊರಡುವುದೆಂದು ತೀರ್ಮಾನವಾಯಿತು. ಮಕ್ಕಳನ್ನು ಗಂಡಂದಿರಿಗೆ ಒಪ್ಪಿಸಿದೆವು. ಊರಿನಿಂದ ಕರೆ ಮಾಡಿದ ಅತ್ತೆ, "ಈ ಪ್ರಾಯದಲ್ಲಿ ಇದೆಲ್ಲಾ ಬೇಕಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಫೋಟೋ ಕಳುಹಿಸು" ಎಂದರು. ಅನುಮತಿ ಸಿಕ್ಕಂತಾಯಿತು.

ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಶಾರ್ಜಾದಿಂದ ಹೊರಟೆವು. ಮ್ಲೈಹಾದ ಕೆಂಪು ಮರಳುಗುಡ್ಡೆಗಳು ದಾಟುತ್ತಿದ್ದಂತೆ ಎದುರಿಗೆ ಹಜರ್ ಪರ್ವತಸಾಲು ಎದ್ದು ನಿಲ್ಲುತ್ತದೆ. ನಮ್ಮ ಪಶ್ಚಿಮ ಘಟ್ಟ ನೋಡಿದವರಿಗೆ ಇದನ್ನು ಬೆಟ್ಟವೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹಸಿರಿಲ್ಲ, ಮಂಜಿಲ್ಲ, ಝರಿಯಿಲ್ಲ. ಸುಟ್ಟ ಇಟ್ಟಿಗೆಯಂತೆ ಕಂದು ಬಣ್ಣದ, ಚೂಪು ಚೂಪಾದ ಬಂಡೆಗಳು. ಆದರೆ ಈ ಬಂಡೆಗಳ ಕತೆ ಸಾಮಾನ್ಯವಲ್ಲ. ಒಮಾನ್ ಮತ್ತು ಎಮಿರೇಟ್ಸ್‌ಗೆ ಹರಡಿಕೊಂಡಿರುವ ಈ ಶಿಲೆಯ ದೊಡ್ಡ ಭಾಗ ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿ ರೂಪುಗೊಂಡಿತ್ತು. ಭೂಫಲಕಗಳ ಒತ್ತಡಕ್ಕೆ ಅದು ನೆಲದ ಮೇಲೆ ಬಂದು ಕುಳಿತಿದೆ. ಸಾಗರದಡಿಯ ನೆಲವನ್ನು ಕಾಲಿನಲ್ಲಿ ಮೆಟ್ಟಿ ನೋಡಬಹುದಾದ ಇಂತಹ ಜಾಗಕ್ಕೆ ಜಗತ್ತಿನ ಭೂವಿಜ್ಞಾನಿಗಳು ಹುಡುಕಿಕೊಂಡು ಬರುತ್ತಾರೆ.

ನಾವು ಹೋದದ್ದು ಹತ್ತಾ ಎಂಬ ಊರಿನ ಕಡೆಗೆ. ಅದು ದುಬೈ ಎಮಿರೇಟ್‌ಗೆ ಸೇರಿದ್ದು, ಆದರೆ ದುಬೈ ನಗರದಿಂದ 100 ಕಿಲೋಮೀಟರಿಗೂ ದೂರ, ಬೆಟ್ಟದ ಮಡಿಲಲ್ಲಿ ಪ್ರತ್ಯೇಕವಾಗಿದೆ. ಖರ್ಜೂರದ ತೋಟ, ನೀರು ಹರಿಸುವ ಹಳೆಯ ಫಲಜ್ ಕಾಲುವೆ, 19ನೇ ಶತಮಾನದ ಎರಡು ಕಾವಲು ಗೋಪುರಗಳು. ಅಲ್ಲಿಂದಾಚೆಗೆ ಒಣಗಿದ ಹೊಳೆಯ ಪಾತ್ರಗಳು, ಅಂದರೆ ವಾದಿಗಳು. ಅವುಗಳ ಪಕ್ಕದ ಕಲ್ಲುಹಾದಿಗಳಲ್ಲಿ ನಮ್ಮ ಸವಾರಿ.

ಕ್ವಾಡ್ ಬೈಕ್ ಎಂದರೆ ನಾಲ್ಕು ದಪ್ಪ ಚಕ್ರಗಳ, ಬೈಕಿನಂತೆ ಹ್ಯಾಂಡಲ್ ಇರುವ ಗಾಡಿ. ವೇಗ ಕೊಡುವುದು ಬಲಗೈಯ ಹೆಬ್ಬೆರಳಿನಿಂದ. ನಮ್ಮ ಮಾರ್ಗದರ್ಶಕ ನೇಪಾಳದ ಯುವಕ, ಹಿಂದಿಯಲ್ಲಿ ಚೆನ್ನಾಗಿ ಮಾತನಾಡುತ್ತಿದ್ದ. ಗಾಡಿ ಏರುವ ಮೊದಲು ಮುಕ್ಕಾಲು ಗಂಟೆ ಪಾಠ ಮಾಡಿದ.

ಅಲ್ಲಿಯೇ ಮೊದಲ ತೊಡಕು ಎದುರಾಯಿತು. ನಮ್ಮ ಪುತ್ತೂರಿನ ಗೆಳತಿ ಏಳು ವರ್ಷಗಳ ಹಿಂದೆ ಊರಿನಲ್ಲಿ ತಮ್ಮನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ದುಪಟ್ಟಾ ಚಕ್ರಕ್ಕೆ ಸಿಕ್ಕಿಕೊಂಡು ಬಿದ್ದವಳು. ಕುತ್ತಿಗೆಯ ಬಳಿಯ ಮೂಳೆ ಮುರಿದಿತ್ತು. ಅಂದಿನಿಂದ ಅವಳು ಬೈಕು ಮುಟ್ಟಿರಲಿಲ್ಲ. ನಮ್ಮೊಡನೆ ಬಂದದ್ದೂ "ನಾನು ನಿನ್ನ ಹಿಂದೆ ಕೂರುತ್ತೇನೆ" ಎಂಬ ಒಪ್ಪಂದದ ಮೇಲೆ. ಮಾರ್ಗದರ್ಶಕ ತಲೆಯಾಡಿಸಿದ. "ಇದರಲ್ಲಿ ಒಬ್ಬರೇ" ಎಂದ.

"ಸೀಟು ಇಷ್ಟು ಉದ್ದವಿದೆಯಲ್ಲ?" ಎಂದು ನಾನು ಕೇಳಿದೆ.

ಅವನು ಕೊಟ್ಟ ಉತ್ತರವನ್ನು ನೀವೂ ನೆನಪಿಡಬೇಕು. ಆ ಉದ್ದದ ಸೀಟು ಇನ್ನೊಬ್ಬರಿಗಾಗಿ ಇರುವುದಲ್ಲ, ಸವಾರರು ಹಿಂದೆ ಮುಂದೆ ಸರಿಯಲಿಕ್ಕಾಗಿ ಇರುವುದು. ಏರು ಹತ್ತುವಾಗ ಮುಂದಕ್ಕೆ ಬಾಗಬೇಕು, ಇಳಿಯುವಾಗ ಹಿಂದಕ್ಕೆ ಸರಿಯಬೇಕು, ಅಡ್ಡ ಇಳಿಜಾರಿನಲ್ಲಿ ಸಾಗುವಾಗ ಬೆಟ್ಟದ ಮೇಲ್ಮುಖದ ಕಡೆಗೆ ಮೈ ವಾಲಿಸಬೇಕು. ಹಲವು ಕ್ವಾಡ್‌ಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿಯಾಗಿರುತ್ತವೆ. ಕಾರಿನಲ್ಲಿ ತಿರುವಿನ ಹೊತ್ತಿಗೆ ಹೊರಗಿನ ಚಕ್ರ ಹೆಚ್ಚು ತಿರುಗುತ್ತದೆ, ಒಳಗಿನದು ಕಡಿಮೆ. ಇದರಲ್ಲಿ ಹಾಗಿಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಗಾಡಿಯನ್ನು ತಿರುಗಿಸುವುದು ಕೈ ಮಾತ್ರವಲ್ಲ, ಇಡೀ ಮೈ. ಹಿಂದೆ ಇನ್ನೊಬ್ಬರು ಕುಳಿತರೆ ಸರಿಯಲು ಜಾಗವಿಲ್ಲ, ಭಾರ ಹಿಂದಕ್ಕೆ ಬೀಳುತ್ತದೆ, ಏರಿನಲ್ಲಿ ಗಾಡಿ ಹಿಮ್ಮುಖವಾಗಿ ಮಗುಚಬಹುದು. 200 ಕಿಲೋಗೂ ಮೀರಿದ ಯಂತ್ರ ಮೈಮೇಲೆ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರಿಗೆಂದೇ ತಯಾರಾದ ಮಾದರಿಗಳು ಬೇರೆಯೇ ಇವೆ. ಒಬ್ಬರಿಗೆಂದು ಮಾಡಿದ್ದರಲ್ಲಿ ಒಬ್ಬರೇ.

ಇನ್ನು ಉಡುಪಿನ ಮಾತು. ಭಾರತದಲ್ಲಿ ಬೈಕಿನ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಗಾರ್ಡ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಂದೆ ಕುಳಿತವರ ಬಟ್ಟೆ ಸಿಲುಕದಿರಲಿ ಎಂದೇ ಆ ನಿಯಮ. ಹೊಸ ಬೈಕು ಕೊಂಡ ಹುಡುಗರು ಚಂದಕ್ಕಾಗಿ ಮೊದಲು ಕಿತ್ತೆಸೆಯುವುದು ಅದನ್ನೇ. ಕ್ವಾಡ್‌ನಲ್ಲಿ ಅಂತಹ ಗಾರ್ಡ್ ಇಲ್ಲವೇ ಇಲ್ಲ, ತೆರೆದ ಚಕ್ರಗಳು ಮೊಣಕಾಲಿನ ಪಕ್ಕದಲ್ಲೇ ತಿರುಗುತ್ತಿರುತ್ತವೆ. ಹಾಗಾಗಿ ಉದ್ದನೆಯ ಅಬಾಯಾ ಕಾರಿನಲ್ಲೇ ಉಳಿಯಿತು. ಮೊಣಕಾಲು ಮುಚ್ಚುವ ದೊಗಲೆ ಅಂಗಿ, ಅಗಲವಾದ ಪ್ಯಾಂಟು, ಅದರ ತುದಿ ಬೂಟಿನೊಳಗೆ, ಮೇಲೊಂದು ಜಾಕೆಟ್, ಸ್ಕಾರ್ಫಿನ ಎರಡೂ ಕೊನೆ ಜಾಕೆಟ್ಟಿನೊಳಗೆ. ಹೆಲ್ಮೆಟ್ಟಿನಡಿ ದಪ್ಪ ಗಂಟು ಇರಬಾರದು, ಲೋಹದ ಪಿನ್ನು ಇರಲೇಬಾರದು. ಮೈ ತುಂಬ ಬಟ್ಟೆ ಇರುವುದು ಬೇರೆ, ಬಟ್ಟೆ ಹಾರಾಡುವುದು ಬೇರೆ. ಮರ್ಯಾದೆಗೂ ಸುರಕ್ಷತೆಗೂ ಇಲ್ಲಿ ಜಗಳವೇನೂ ಇರಲಿಲ್ಲ.

ಪುತ್ತೂರಿನ ಗೆಳತಿ ಸುಮ್ಮನೆ ಎಲ್ಲವನ್ನೂ ಕೇಳಿಸಿಕೊಂಡಳು. ಒತ್ತಾಯ ಮಾಡಬಾರದೆಂದು ನಾವು ಕಣ್ಣಲ್ಲೇ ಮಾತಾಡಿಕೊಂಡೆವು. ನಾವು ಬರುವವರೆಗೆ ಅವಳು ನೆರಳಿನಲ್ಲಿ ಕುಳಿತಿರಬಹುದಿತ್ತು. ಆದರೆ ಅವಳು, "ಚಿಕ್ಕ ಇಂಜಿನ್ನಿನದು ಇದೆಯಾ?" ಎಂದು ಕೇಳಿದಳು. ಇತ್ತು. ಸಮತಟ್ಟು ಬಯಲಿನಲ್ಲಿ ಹತ್ತು ಸುತ್ತು ಹಾಕಿಸಿದರು. ತುರ್ತಿನಲ್ಲಿ ಇಂಜಿನ್ ನಿಲ್ಲಿಸುವ ಬಳ್ಳಿಯನ್ನು ಅವಳ ಮಣಿಕಟ್ಟಿಗೆ ಕಟ್ಟಿದರು. ಸವಾರರು ಬಿದ್ದರೆ ಬಳ್ಳಿ ಕಳಚಿ ಗಾಡಿ ತಾನೇ ನಿಲ್ಲುತ್ತದೆ. "ಬಿಸ್ಮಿಲ್ಲಾ" ಎಂದು ಅವಳು ಮಾರ್ಗದರ್ಶಕನ ಹಿಂದೆಯೇ ಹೊರಟಳು, ಅವಳ ಹಿಂದೆ ನಾನು.

ಕಲ್ಲುಹಾದಿಯ ಮೇಲೆ ಆ ಗಾಡಿ ಸಾಗುವ ರೀತಿಯನ್ನು ಹೇಗೆ ಹೇಳಲಿ! ಟೈರಿನಲ್ಲಿ ಗಾಳಿ ಕಡಿಮೆ ಇರುವುದರಿಂದ ಅದು ಕಲ್ಲನ್ನು ಅಪ್ಪಿಕೊಂಡು ಏರುತ್ತದೆ. ಕೈ ಅದುರುತ್ತದೆ, ಹಲ್ಲಿನ ಮೇಲೆ ಧೂಳು. ಒಂದು ತಿರುವಿನಲ್ಲಿ ಕಾಡುಕತ್ತೆಗಳಂತೆ ಕಂಡ ಎರಡು ಕತ್ತೆಗಳು ನಮ್ಮನ್ನು ನೋಡಿ ದಾರಿ ಬಿಡಲಿಲ್ಲ, ನಾವೇ ಕಾದೆವು. ಮನೆಯಲ್ಲಿ ಒಂದೇ ಸಮಯಕ್ಕೆ ಕುಕ್ಕರು, ಮಕ್ಕಳ ಹೋಂವರ್ಕ್, ಫೋನು ಎಂದು ಹತ್ತು ಕಡೆ ಹರಿಯುವ ಮನಸ್ಸು ಅಲ್ಲಿ ಎದುರಿನ ಹತ್ತು ಅಡಿ ಹಾದಿಯಲ್ಲಷ್ಟೇ ನಿಂತಿತ್ತು. ಹೊಂಡ ನನಗೆ ಮೊದಲೇ ಕಾಣುತ್ತಿತ್ತು. ಅದನ್ನು ಬಳಸಿ ಹೋಗಬೇಕೋ ನಿಧಾನವಾಗಿ ಇಳಿಸಬೇಕೋ ಎಂಬ ತೀರ್ಮಾನ ನನ್ನದೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಕಡಿದಾದ ಇಳಿಜಾರು ಬಂತು. ಮಾರ್ಗದರ್ಶಕ ಇಳಿದು ಕೆಳಗೆ ನಿಂತ. ಪುತ್ತೂರಿನ ಗೆಳತಿ ಅಂಚಿನಲ್ಲಿ ನಿಲ್ಲಿಸಿದಳು. ಹಿಂದಿನಿಂದ ಅವಳ ಭುಜ ನಡುಗುವುದು ನನಗೆ ಕಾಣುತ್ತಿತ್ತು. ಯಾರೂ "ಹೆದರಬೇಡ, ಬಾ ಬಾ" ಎಂದು ಕೂಗಲಿಲ್ಲ. ಎರಡು ನಿಮಿಷದ ನಂತರ ಅವಳು ಬ್ರೇಕ್ ಬಿಗಿದು, ಇಂಜಿನ್ ನಿಲ್ಲಿಸಿ, ಇಳಿದು, ಕಲ್ಲು ಹಿಡಿದುಕೊಂಡು ನಡೆದೇ ಕೆಳಗೆ ಹೋದಳು. ಗಾಡಿಯನ್ನು ಮಾರ್ಗದರ್ಶಕ ಇಳಿಸಿಕೊಟ್ಟ. ಅವಳು ಮತ್ತೆ ಏರಿ ಮುಂದೆ ಹೋದಳು. ಅಂದು ನಾನು ಕಂಡ ಅತ್ಯಂತ ಒಳ್ಳೆಯ ಸವಾರಿ ಅದೇ. ಬರುವುದಕ್ಕೂ ಧೈರ್ಯ ಬೇಕು, ಎಲ್ಲರೆದುರು ಇಳಿದು ನಡೆಯುವುದಕ್ಕೂ ಬೇಕು.

ಒಂದು ಸಿದ್ರ್ ಮರದಡಿ ನಿಂತೆವು. ನಮ್ಮ ಊರಿನ ಬಾರೆಹಣ್ಣಿನ ಮರದ ದಾಯಾದಿ ಅದು. ಕ್ಯಾನಿನ ನೀರಿನಲ್ಲಿ ವುಝೂ ಮಾಡಿ ಝುಹರ್ ನಮಾಝ್ ನಿರ್ವಹಿಸಿದೆವು. ಉಳ್ಳಾಲದವಳ ಪತ್ತಿರಿ, ಭಟ್ಕಳದವಳ ಬಿರಿಯಾನಿ, ಫ್ಲಾಸ್ಕಿನಲ್ಲಿ ಸುಲೈಮಾನಿ. ಅಷ್ಟು ಹಸಿವು ಎಷ್ಟು ವರ್ಷಗಳ ನಂತರ ಆಯಿತೋ!

ಊಟದ ನಡುವೆ ಮಾರ್ಗದರ್ಶಕ ವಾದಿಯ ಅಂಚಿನ ಕಲ್ಲಿನ ಮೇಲಿದ್ದ ನೀರಿನ ಗುರುತು ತೋರಿಸಿದ. ಅದು ನಮ್ಮ ತಲೆಗಿಂತ ಮೇಲಿತ್ತು. ಇಡೀ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ದೇಶದಲ್ಲಿ 2024ರ ಏಪ್ರಿಲ್ 16ರಂದು ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಸುರಿದಿತ್ತು. 1949ರಲ್ಲಿ ದಾಖಲೆ ಇಡಲು ಆರಂಭಿಸಿದಂದಿನಿಂದ ಅಷ್ಟು ಮಳೆ ಬಿದ್ದಿರಲಿಲ್ಲ. ಬೆಟ್ಟದ ತುದಿಯಲ್ಲಿ ಮಳೆಯಾದರೆ ಸಾಕು, ಇಲ್ಲಿ ಬಿಸಿಲಿದ್ದರೂ ವಾದಿಯಲ್ಲಿ ನೆರೆ ನುಗ್ಗುತ್ತದೆ. ನೆರೆಯಿರುವ ವಾದಿಗೆ ವಾಹನ ಇಳಿಸಿದರೆ 2,000 ದಿರ್ಹಂ ದಂಡ, 60 ದಿನ ವಾಹನ ಜಪ್ತಿ ಎಂದು 2023ರಲ್ಲಿ ಇಲ್ಲಿನ ಸರಕಾರ ನಿಯಮ ಮಾಡಿತು. ಮೋಡ ಕಂಡರೆ ಪ್ರವಾಸ ಮುಂದೂಡುವುದು ಹೇಡಿತನವಲ್ಲ.

ಸಂಜೆ ನಾವು ಮರಳಿದಾಗ ಅಂಗಡಿಯ ಮುಂದೆ ಒಂದು ಕುಟುಂಬ ನಿಂತಿತ್ತು. ಐದಾರು ವರ್ಷದ ಮಗನನ್ನು ಮುಂದೆ ಕೂರಿಸಿಕೊಂಡು ಹೋಗುತ್ತೇನೆಂದು ತಂದೆಯ ಹಟ. ಕೊಡುವುದಿಲ್ಲವೆಂದು ಅಂಗಡಿಯವರ ಹಟ. "ನಾಲ್ಕು ಚಕ್ರ ಇದೆಯಲ್ಲ, ಬೀಳುವುದು ಹೇಗೆ?" ಎಂದು ತಂದೆ ಕೇಳುತ್ತಿದ್ದರು. ಮಗುವಿನ ತಾಯಿ ಏನೂ ಹೇಳದೆ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸಹೋದರಿಯರೇ, ಆ ಪ್ರಶ್ನೆ ನಮ್ಮೆಲ್ಲರದೂ ಹೌದು. ಈ ಗಾಡಿ ಮೊದಲು ಬಂದದ್ದು ಮೂರು ಚಕ್ರಗಳಲ್ಲಿ, 1970ರಲ್ಲಿ ಹೋಂಡಾ ಕಂಪೆನಿಯಿಂದ. ಮಕ್ಕಳೂ ದೊಡ್ಡವರೂ ಮಗುಚಿ ಬಿದ್ದು ಸತ್ತ ಪ್ರಕರಣಗಳು ಹೆಚ್ಚಿದಾಗ 1988ರಲ್ಲಿ ಅಮೆರಿಕದಲ್ಲಿ ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ನಾಲ್ಕನೆಯ ಚಕ್ರ ಬಂದ ಮೇಲೆ ಅಪಾಯ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ದೊಡ್ಡವರ ಗಾಡಿಯನ್ನು 16 ವರ್ಷದೊಳಗಿನವರಿಗೆ ಕೊಡಬಾರದೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತದೆ. ಕುರಿ ಮೇಯಿಸುವ ರೈತರು ಕ್ವಾಡ್ ಬಳಸುವ ಆಸ್ಟ್ರೇಲಿಯಾದಲ್ಲಿ, ಹೊಲದ ಕೆಲಸದಂಥ ಸಾಮಾನ್ಯ ಬಳಕೆಗೆ ಮಾರುವ ಹೊಸ ಕ್ವಾಡ್‌ಗಳಿಗೆ 2021ರ ಅಕ್ಟೋಬರ್‌ನಿಂದ ಮಗುಚಿದಾಗ ಸವಾರರನ್ನು ಕಾಪಾಡುವ ಚೌಕಟ್ಟು ಕಡ್ಡಾಯವಾಗಿದೆ.

ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಈಗ ನಮ್ಮ ಊರುಗಳ ಬಳಿಯ ರಿಸಾರ್ಟುಗಳಲ್ಲೂ ಕ್ವಾಡ್ ಬೈಕುಗಳಿವೆ. ಮಡಿಕೇರಿಗೋ ಚಿಕ್ಕಮಗಳೂರಿಗೋ ಮನಾಲಿಗೋ ರಜೆಯಲ್ಲಿ ನೀವು ಹೋಗುವವರೇ. ಹೋಗಿ, ಸವಾರಿ ಮಾಡಿ. ಆದರೆ ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಿ. ಅಳತೆಗೆ ಸರಿಯಾದ ಹೆಲ್ಮೆಟ್ ಇದೆಯೇ? ಇಂಜಿನ್ ನಿಲ್ಲಿಸುವ ಬಳ್ಳಿ ಕೆಲಸ ಮಾಡುತ್ತದೆಯೇ? ಮೊದಲು ಸಮತಟ್ಟಿನಲ್ಲಿ ಕಲಿಸುವಿರಾ? ಮಕ್ಕಳಿಗೆ ಮಕ್ಕಳ ಅಳತೆಯ ಗಾಡಿ ಇದೆಯೇ? ಉತ್ತರ ಸಮಾಧಾನ ಕೊಡದಿದ್ದರೆ ಮರಳಿ ಬನ್ನಿ. ಡಾಂಬರು ರಸ್ತೆಯಲ್ಲಿ ಅದನ್ನು ಓಡಿಸಬೇಡಿ. ಗಟ್ಟಿ ನೆಲದಲ್ಲಿ ಆ ಚಕ್ರಗಳು ಹಿಡಿದು ನಿಂತು ತಿರುವಿನಲ್ಲಿ ಗಾಡಿ ಮಗುಚುವ ಸಾಧ್ಯತೆ ಹೆಚ್ಚು.

ಗಂಡನೋ ಅಣ್ಣನೋ "ಮಗುವನ್ನು ಎತ್ತಿಕೊಂಡು ಹಿಂದೆ ಕೂತ್ಕೋ, ಏನಾಗುವುದಿಲ್ಲ" ಎಂದರೆ ಬೇಡವೆಂದು ಹೇಳುವ ಹಕ್ಕು ನಿಮಗಿದೆ. ಮೈಯೂ ಪ್ರಾಣವೂ ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ಸಂತೋಷಪಡುವ ಅನುಮತಿಯೂ ಅದರ ಜೊತೆಗೇ ಇದೆ. ನಿಮ್ಮ ಗೆಳತಿಯರನ್ನು ಸೇರಿಸಿ, ಒಂದು ದಿನ ಬಿಡುವು ಮಾಡಿಕೊಳ್ಳಿ. ನಿಮ್ಮದೇ ಒಂದು ಗಾಡಿ ತೆಗೆದುಕೊಳ್ಳಿ, ನಿಧಾನವಾಗಿ ಓಡಿಸಿ, ಇಳಿಜಾರು ಕಡಿದಾಗಿದ್ದರೆ ಇಳಿದು ನಡೆಯಿರಿ.